ಏಕೆ ಕುಡಿಯುತ್ತೀ ಎಂದು ಕೇಳುವ ಮುನ್ನ

ಕಷಾಯ, ಪಥ್ಯ, ಋತುಚರ್ಯೆಗಳ ವಿಚಾರವನ್ನು ಈ ಸಂಚಿಕೆಯ ಮಟ್ಟಿಗೆ ಬದಿಗಿರಿಸಿ, ರೋಗಿಯನ್ನು ಪ್ರಶ್ನಿಸುವ ಕ್ರಮವನ್ನು ಕುರಿತು ನಾವು ನಾಲ್ಕು ಮಾತು ಬರೆಯುತ್ತಿದ್ದೇವೆ. ನಲವತ್ತು ವರ್ಷಗಳನ್ನು ಸಮೀಪಿಸಿದ ನಮ್ಮ ವೈದ್ಯವೃತ್ತಿಯಲ್ಲಿ, ಮದ್ಯವ್ಯಸನಕ್ಕೆ ಒಳಗಾದವರು ಎದುರಿಗೆ ಬಂದು ಕುಳಿತಾಗಲೆಲ್ಲ ನಾವು ಕೇಳುತ್ತಿದ್ದ ಪ್ರಶ್ನೆ ಒಂದೇ: 'ಏಕಪ್ಪಾ ಕುಡಿಯುತ್ತೀ?' ಅದು ಪ್ರಶ್ನೆಯ ರೂಪದಲ್ಲಿದ್ದ ಬೈಗುಳವೆಂಬುದು ನಮಗೆ ತಿಳಿಯಲು ಬಹುಕಾಲ ಹಿಡಿಯಿತು. ತಿಳಿಯುವ ಮೊದಲೇ ಒಬ್ಬ ಸಜ್ಜನರ ಪ್ರಾಣಕ್ಕೆ ನಾವು ಸಂಚಕಾರ ತಂದಿದ್ದೆವು. ಆ ತಪ್ಪನ್ನು ಒಪ್ಪಿಕೊಂಡೇ ಈ ಲೇಖನವನ್ನು ಆರಂಭಿಸಬೇಕಾಗಿದೆ.

ಶ್ರಾವಣದ ಆಣೆ

ಅವರು ಮಲಪ್ರಭೆಯ ದಂಡೆಯ ಹಳ್ಳಿಯೊಂದರ ರೈತರು. ಅವರ ಒಪ್ಪಿಗೆಯನ್ನು ಪಡೆದು, ಗುರುತನ್ನು ಮರೆಸಿ ಇದನ್ನು ಬರೆಯುತ್ತಿದ್ದೇವೆ. 2014ರ ಶ್ರಾವಣದಲ್ಲಿ ಅವರ ಹೆಂಡತಿ ಅವರನ್ನು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದಿದ್ದರು. ಆಗ ಅವರ ವಯಸ್ಸು ನಲವತ್ತರ ಹತ್ತಿರ. ಬೆಳಗ್ಗೆ ಎದ್ದೊಡನೆ ಕೈ ನಡುಗುವುದು, ಒಂದು ಪಾಕೀಟು ಹೊಟ್ಟೆಗೆ ಇಳಿದ ಮೇಲೆಯೇ ನಡುಕ ನಿಲ್ಲುವುದು, ಊಟ ಬೇಡವಾಗುವುದು ಎಂಬಿಷ್ಟು ದೂರುಗಳಿದ್ದವು. ನಾಡಿ ನೋಡಿದೆವು, ನಾಲಗೆ ನೋಡಿದೆವು, ಯಕೃತ್ತಿನ ಜಾಗವನ್ನು ಒತ್ತಿ ನೋಡಿದೆವು. ಬಳಿಕ ಕಾಲು ಗಂಟೆ ಉಪದೇಶ ಮಾಡಿದೆವು. ಹೆಂಡತಿ ಮಕ್ಕಳ ಮುಖ ತೋರಿಸಿ ಬೈದೆವು. ಕೊನೆಗೆ, 'ಇವತ್ತೇ ಗದ್ದುಗೆಯ ಮುಂದೆ ನಿಂತು ಆಣೆ ಮಾಡಿರಿ, ನಾಳೆಯಿಂದ ಒಂದು ಹನಿಯನ್ನೂ ಮುಟ್ಟಕೂಡದು' ಎಂದು ಹೇಳಿ ಕಳುಹಿಸಿದೆವು.

ಅವರು ಮಾತಿಗೆ ತಪ್ಪಲಿಲ್ಲ. ಅಂದು ಸಂಜೆಯೇ ಆಣೆ ಮಾಡಿ ಕುಡಿತವನ್ನು ನಿಲ್ಲಿಸಿದರು. ಮೊದಲ ರಾತ್ರಿ ಮೈಯೆಲ್ಲ ಬೆವರಿತು, ನಿದ್ದೆ ಹತ್ತಲಿಲ್ಲ. ಮರುದಿನ ಫಿಟ್ಸ್ ಬಂದು ಅಂಗಳದಲ್ಲಿ ಬಿದ್ದರು. ಮೂರನೆಯ ರಾತ್ರಿ ಎದುರಿಗಿದ್ದವರ ಗುರುತು ಹತ್ತದೆ, 'ಗ್ವಾಡಿ ಬೀಳಾಕತ್ತೈತಿ, ಹೊರಗ ಬರ್ರಿ' ಎಂದು ಒಂದೇ ಸಮನೆ ಕೂಗತೊಡಗಿದರು. ನಾವು ಓಡಿಹೋಗಿ ನೋಡಿದಾಗ ಮೈ ಕಾದಿತ್ತು, ನಾಡಿ ಹಾರುತ್ತಿತ್ತು. ಇದು ನಮ್ಮ ಕೈಯಲ್ಲಿ ಉಳಿಯುವ ರೋಗವಲ್ಲವೆಂದು ಅರಿತು ಜಿಲ್ಲಾ ಕೇಂದ್ರದ ದೊಡ್ಡ ಆಸ್ಪತ್ರೆಗೆ ಸಾಗಿಸಿದೆವು. ಎಂಟು ದಿನಗಳ ಬಳಿಕ ಅವರು ಬದುಕಿ ಮನೆಗೆ ಬಂದರು. ಅವರು ಕೂಗಿದ ಮಾತನ್ನು ನಾವು ನಮ್ಮ ಕಡತದಲ್ಲಿ 'ಪ್ರಲಾಪ' ಎಂಬ ಒಂದೇ ಪದದಲ್ಲಿ ಬರೆದು ಮುಗಿಸಿದ್ದೆವು.

ಇಲ್ಲಿ ನಡೆದುದು ಏನೆಂಬುದನ್ನು ಎಲ್ಲರೂ ತಿಳಿದಿರಬೇಕು. ಮದ್ಯವು ಮಿದುಳಿನ ಚಟುವಟಿಕೆಯನ್ನು ಕುಗ್ಗಿಸುವ ದ್ರವ್ಯ. ವರ್ಷಗಟ್ಟಲೆ ನಿತ್ಯವೂ ಕುಡಿಯುವವರಲ್ಲಿ ಮಿದುಳು ಆ ಕುಗ್ಗುವಿಕೆಯನ್ನು ಸರಿದೂಗಿಸಲು ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಮದ್ಯವನ್ನು ಹಠಾತ್ತನೆ ತೆಗೆದರೆ ಏರಿಸಿಕೊಂಡ ಉದ್ರೇಕ ಮಾತ್ರ ಉಳಿಯುತ್ತದೆ. ಕೊನೆಯ ಗುಟುಕಿನ ಬಳಿಕ ಸುಮಾರು 6ರಿಂದ 24 ಗಂಟೆಗಳೊಳಗೆ ನಡುಕ, ಬೆವರು, ವಾಂತಿ, ನಿದ್ರಾನಾಶ. 48 ಗಂಟೆಗಳೊಳಗೆ ಕೆಲವರಲ್ಲಿ ಫಿಟ್ಸ್. ಎರಡರಿಂದ ನಾಲ್ಕನೆಯ ದಿನದ ನಡುವೆ ಕೆಲವರಲ್ಲಿ ದಿಕ್ಕುತಪ್ಪಿದ ಬುದ್ಧಿ, ಇಲ್ಲದ್ದನ್ನು ಕಾಣುವುದು, ಜ್ವರ. ಈ ಕೊನೆಯ ಅವಸ್ಥೆಗೆ ಚಿಕಿತ್ಸೆ ದೊರೆಯದಿದ್ದರೆ ಸಾವು ಬರಬಹುದು. ಆದುದರಿಂದ ಬೆಳಗ್ಗೆ ಕುಡಿಯದೆ ಕೈ ನಡುಗುವವರು, ಹಿಂದೆ ಒಮ್ಮೆ ಬಿಟ್ಟಾಗ ಫಿಟ್ಸ್ ಬಂದವರು ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಬಿಡಬೇಕು. ಆಣೆಯಲ್ಲಿ ದೋಷವಿಲ್ಲ. ಕೈ ನಡುಕದ ಅರ್ಥವನ್ನು ವಿಚಾರಿಸದೆ ಆಣೆ ಮಾಡಿಸಿದ ನಮ್ಮಲ್ಲಿ ದೋಷವಿತ್ತು.

ಸಂಶೋಧನೆಯ ಕೋಣೆಯಲ್ಲಿ

ಇದಾದ ಕೆಲಕಾಲದ ಮೇಲೆ ವೈದ್ಯಕೀಯ ಸಂಸ್ಥೆಯೊಂದರ ತಂಡದವರು ನಮ್ಮನ್ನು ಸಂಪರ್ಕಿಸಿದರು. ಮಾನಸಿಕ ಆಘಾತ ಮತ್ತು ಮದ್ಯಪಾನದ ಸಂಬಂಧವನ್ನು ತಿಳಿಯಲು ಅವರು ರೋಗಿಗಳನ್ನು ಸಂದರ್ಶಿಸುತ್ತಿದ್ದರು. ನಮ್ಮ ಸೀಮೆಯ ಮಾತು ಬಲ್ಲ ಹಿರಿಯ ವೈದ್ಯರೊಬ್ಬರು ಅವರಿಗೆ ಬೇಕಾಗಿತ್ತು. 'ನಲವತ್ತು ವರ್ಷ ರೋಗಿಗಳನ್ನು ಮಾತಾಡಿಸಿದ ನಮಗೆ ಹೊಸದಾಗಿ ಕಲಿಯುವುದೇನಿದೆ' ಎಂಬ ಭಾವದಿಂದಲೇ ಹೋದೆವು. ಮೊದಲ ವಾರದಲ್ಲಿಯೇ ಆ ಭಾವ ಇಳಿಯಿತು.

ನಾವು ಕಲಿತ ಮೊದಲ ಪಾಠ ಸಮ್ಮತಿಯದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2017ರಲ್ಲಿ ಪ್ರಕಟಿಸಿದ ನೈತಿಕ ಮಾರ್ಗಸೂಚಿಯಂತೆ, ಇಂತಹ ಅಧ್ಯಯನಕ್ಕೆ ನೈತಿಕ ಸಮಿತಿಯ ಒಪ್ಪಿಗೆ ಬೇಕು. ಭಾಗವಹಿಸುವವರಿಗೆ ಉದ್ದೇಶ, ಕಷ್ಟ, ಪ್ರಯೋಜನಗಳನ್ನು ಅವರ ಭಾಷೆಯಲ್ಲಿ ತಿಳಿಹೇಳಿ ಸಮ್ಮತಿ ಪಡೆಯಬೇಕು. ಅವರು ಯಾವ ಪ್ರಶ್ನೆಗಾದರೂ ಉತ್ತರಿಸದಿರಬಹುದು, ನಡುವೆಯೇ ಎದ್ದು ಹೋಗಬಹುದು. ಅದರಿಂದ ಅವರ ಚಿಕಿತ್ಸೆಗೆ ಕಿಂಚಿತ್ತೂ ಕೊರತೆಯಾಗಬಾರದು. ಕುಡಿದ ಅಮಲಿನಲ್ಲಿರುವವರಿಂದ ಸಮ್ಮತಿ ಪಡೆಯುವಂತಿಲ್ಲ. ಅಂಥವರನ್ನು ಆದರದಿಂದ ಮತ್ತೊಂದು ದಿನ ಬರಹೇಳಬೇಕು. ನಮ್ಮ ಹಳ್ಳಿಗಳಲ್ಲಿ ಡಾಕ್ಟರು ಹೇಳಿದರೆಂದು ಹೆಬ್ಬೆಟ್ಟು ಒತ್ತುವವರೇ ಹೆಚ್ಚು. 'ಒಲ್ಲೆ ಅಂದರ ನಮಗೇನೂ ಸಿಟ್ಟಿಲ್ಲ' ಎಂದು ಮೂರು ಬಾರಿ ಹೇಳಿದ ಮೇಲೆ, ಒಬ್ಬ ಮುದುಕರು ನಿಜವಾಗಿಯೂ 'ಹಂಗಾದ್ರ ಒಲ್ಲೆರೀ' ಎಂದು ಎದ್ದು ಹೋದರು. ತಂಡದ ಹಿರಿಯರು ಅಂದು ಸಂತೋಷಪಟ್ಟರು. ಸಮ್ಮತಿಯೆಂಬುದು ನಿಜವಾಗಿರುವಲ್ಲಿ ಮಾತ್ರ ನಿರಾಕರಣೆಯೂ ಬಾಯಿಗೆ ಬರುತ್ತದೆ ಎಂದರು.

ಎರಡನೆಯ ಪಾಠ ಸ್ಥಳದ್ದು. ಕೋಣೆಯ ಬಾಗಿಲು ಮುಚ್ಚಿರಬೇಕು. ರೋಗಿಯ ಜೊತೆ ಬಂದ ಅತ್ತೆ, ಅಣ್ಣ, ಗಂಡ, ಹೆಂಡತಿ ಯಾರೂ ಒಳಗಿರಕೂಡದು. ಮನೆಯೊಳಗಿನ ಹಿಂಸೆಯನ್ನು ಮನೆಯವರ ಎದುರಿನಲ್ಲಿ ಕೇಳಿದರೆ ಸತ್ಯ ಬಾರದು. ಬಂದರೆ ಆ ರಾತ್ರಿ ಮತ್ತೊಂದು ಹಿಂಸೆ ನಡೆದೀತು. ಕಾಗದದ ಮೇಲೆ ಹೆಸರಿಲ್ಲ, ಸಂಖ್ಯೆ ಮಾತ್ರ. ಇದು ನಮಗೆ ಅಪರಿಚಿತವಾದ ಧರ್ಮವೇನಲ್ಲ. ರೋಗಿಯ ಮನೆಯ ಸಂಗತಿಗಳನ್ನು ಹೊರಗೆ ಆಡಬಾರದೆಂದು ಚರಕಸಂಹಿತೆಯ ವಿಮಾನಸ್ಥಾನವು ವೈದ್ಯಶಿಷ್ಯನಿಗೆ ವಿಧಿಸಿದೆ. ಓದಿದ್ದೆವು, ಆದರೆ ತೆರೆದ ಬಾಗಿಲ ಚಿಕಿತ್ಸಾಲಯದಲ್ಲಿ, ಸರದಿಗೆ ಕಾದ ಹತ್ತು ಜನರ ಕಿವಿಗೆ ಬೀಳುವಂತೆ ನಾಲ್ಕು ದಶಕ ಕೇಳುತ್ತ ಬಂದಿದ್ದೆವು.

ಅಳತೆ ಮತ್ತು ಪಂಚಾಂಗ

ಎಷ್ಟು ಕುಡಿಯುತ್ತೀರಿ ಎಂಬುದಕ್ಕೆ ನಮ್ಮಲ್ಲಿ 'ಸ್ವಲ್ಪ' ಎಂಬುದು ಸಾಮಾನ್ಯ ಉತ್ತರ. ಸಂಶೋಧನೆಗೆ ಸ್ವಲ್ಪ ಎಂಬುದು ಸಾಲದು. ವಿಶ್ವ ಆರೋಗ್ಯ ಸಂಸ್ಥೆಯು 1982ರಲ್ಲಿ ನಾರ್ವೆ, ಆಸ್ಟ್ರೇಲಿಯಾ, ಕೀನ್ಯಾ, ಬಲ್ಗೇರಿಯಾ, ಮೆಕ್ಸಿಕೊ, ಅಮೆರಿಕ ಎಂಬ ಆರು ದೇಶಗಳಲ್ಲಿ ಕೆಲಸ ಆರಂಭಿಸಿ 'ಆಡಿಟ್' ಎಂಬ ಹತ್ತು ಪ್ರಶ್ನೆಗಳ ಪಟ್ಟಿಯನ್ನು ರೂಪಿಸಿತು. ಪ್ರತಿ ಉತ್ತರಕ್ಕೆ 0ಯಿಂದ 4 ಅಂಕ; ಒಟ್ಟು 40. ಎಂಟು ಅಥವಾ ಹೆಚ್ಚು ಬಂದರೆ ಕುಡಿತ ಅಪಾಯದ ದಾರಿ ಹಿಡಿದಿದೆ. 20 ಅಥವಾ ಹೆಚ್ಚು ಬಂದರೆ ವ್ಯಸನದ ಪೂರ್ಣ ತಪಾಸಣೆ ಬೇಕು. ಈ ಲೆಕ್ಕದಲ್ಲಿ ಒಂದು ಅಳತೆಯೆಂದರೆ 10 ಗ್ರಾಂ ಶುದ್ಧ ಮದ್ಯಸಾರ. ನಮ್ಮ ಅಂಗಡಿಗಳ ವಿಸ್ಕಿ, ರಮ್, ಬ್ರಾಂದಿಗಳ 30 ಮಿಲಿ ಪೆಗ್ಗಿನಲ್ಲಿ ಹೆಚ್ಚುಕಡಿಮೆ ಅಷ್ಟಿರುತ್ತದೆ. ಹಾಗಾದರೆ ಒಂದು 'ನೈಂಟಿ' ಮೂರು ಅಳತೆ, ಒಂದು 'ಕ್ವಾರ್ಟರ್' ಆರು ಅಳತೆ. 650 ಮಿಲಿಯ ಕಡುಬಿಯರು ಬಾಟಲಿಯೊಂದು ನಾಲ್ಕು ಅಳತೆಗೆ ಸಮ. 'ಬರೇ ಬಿಯರ್ ರೀ, ಅದೇನ್ ಸೆರೆ ಅಲ್ಲ' ಎನ್ನುವವರು ಈ ಲೆಕ್ಕವನ್ನು ಮನಸ್ಸಿನಲ್ಲಿಡಬೇಕು.

ಯಾವಾಗ ಹೆಚ್ಚು, ಯಾವಾಗ ಕಡಿಮೆ ಎಂಬುದನ್ನು ತಿಳಿಯಲು ಸೋಬೆಲ್ ದಂಪತಿಗಳೆಂಬ ಮನೋವಿಜ್ಞಾನಿಗಳು ರೂಪಿಸಿದ ಕ್ರಮವೊಂದಿದೆ. ಕ್ಯಾಲೆಂಡರನ್ನು ಮುಂದಿಟ್ಟು, ನೆನಪಿನಲ್ಲಿರುವ ದಿನಗಳನ್ನು ಮೊದಲು ಗುರುತಿಸಿ, ಅವುಗಳ ಆಚೀಚೆಯ ದಿನಗಳ ಕುಡಿತವನ್ನು ಒಂದೊಂದಾಗಿ ತುಂಬುತ್ತ ಹಿಂದಕ್ಕೆ ಹೋಗುವುದು. ನಮ್ಮ ರೈತರಿಗೆ ತಾರೀಖು ನೆನಪಿರುವುದಿಲ್ಲ. ಕಾರಹುಣ್ಣಿಮೆ, ನಾಗರಪಂಚಮಿ, ಬನ್ನಿ, ದೀಪಾವಳಿ, ಎಳ್ಳಮಾವಾಸ್ಯೆ, ಊರ ಜಾತ್ರೆ, ವಾರದ ಸಂತೆ ಇವು ಮರೆಯುವುದಿಲ್ಲ. ಗೋಡೆಯ ಪಂಚಾಂಗವನ್ನೇ ಮುಂದಿಟ್ಟುಕೊಂಡೆವು. 'ಸೀಗೀ ಹುಣ್ಣಿವಿಗೆ ಹೊಲಕ್ಕ ಹೋಗಿದ್ರಲ್ಲ, ಅವತ್ತ?' ಎಂದರೆ ಸಾಕು, ಆ ವಾರವೆಲ್ಲ ಬಾಯಿಗೆ ಬರುತ್ತಿತ್ತು. ಹೀಗೆ ವರ್ಷವೊಂದು ಕಾಗದದ ಮೇಲೆ ಮೂಡಿದಾಗ, ಕುಡಿತ ಎಲ್ಲ ದಿನಗಳಲ್ಲಿಯೂ ಒಂದೇ ಸಮವಾಗಿಲ್ಲವೆಂಬುದು ರೋಗಿಗೇ ಮೊದಲ ಬಾರಿ ಕಾಣುತ್ತಿತ್ತು. ಏರಿದ ದಿನಗಳು ಏನನ್ನೋ ಹೇಳುತ್ತಿದ್ದವು.

ಗಾಯವನ್ನು ಕೇಳುವ ಬಗೆ

ಬಹಳ ಕಷ್ಟದ ಭಾಗ ಇದು. 'ಮಾನಸಿಕ ಆಘಾತ' ಎಂದರೆ ಹಳ್ಳಿಯ ತಾಯಿಗೆ ಏನೂ ಹೊಳೆಯದು. 'ಇನ್ನ ನಾನು ಉಳಿಯೂದಿಲ್ಲ ಅನ್ನಿಸಿದ್ದು, ಇಲ್ಲಾ ಕಣ್ಣೆದುರು ಯಾರಾದ್ರೂ ಹೋಗಿದ್ದು, ಇಲ್ಲಾ ಮೈಮ್ಯಾಲೆ ಕೈ ಮಾಡಿದ್ದು, ಅಂಥಾದ್ದೇನಾದ್ರೂ ಆಗೈತೇನ್ರಿ?' ಎಂದು ಕೇಳಲು ತೀರ್ಮಾನಿಸಿದೆವು. ಕೇಳುವ ಕ್ರಮವೂ ಮುಖ್ಯ. ಮೊದಲು ಊರು, ಕಸುಬು, ಮಳೆಬೆಳೆ, ಅನಂತರ ನಿದ್ದೆ, ಹಸಿವು, ಬಳಿಕ ಕುಡಿತ, ಅದರ ಮೇಲೆ ಆಘಾತ. ಕೊನೆಗೆ, ಇಷ್ಟಾದರೂ ಅವರನ್ನು ಎತ್ತಿ ನಿಲ್ಲಿಸಿದ್ದು ಏನು, ಯಾರು ಎಂಬ ಪ್ರಶ್ನೆ. ಕತ್ತಲೆಯ ಪ್ರಶ್ನೆಯಲ್ಲಿ ಸಂದರ್ಶನ ಮುಗಿಯಬಾರದು.

ಘಟನೆಯ ಪ್ರತಿಯೊಂದು ವಿವರವನ್ನು ಬಗೆದು ತೆಗೆಯುವುದು ಸಂಶೋಧಕರ ಕೆಲಸವಲ್ಲ. 'ಏನಾಯ್ತು ಅನ್ನೂದನ್ನ ಒಂದ್ ಮಾತಿನ್ಯಾಗ ಹೇಳಿದ್ರ ಸಾಕು' ಎಂದು ಮೊದಲೇ ತಿಳಿಸಬೇಕು. ಕೇಳಬೇಕಾದುದು ಅದರ ಇಂದಿನ ನೆರಳು: ಕರೆಯದೆ ಮರುಕಳಿಸುವ ನೆನಪು, ಕೆಟ್ಟ ಕನಸು, ಆ ಸ್ಥಳವನ್ನೂ ಮಾತನ್ನೂ ತಪ್ಪಿಸಿಕೊಳ್ಳುವುದು, ಸಣ್ಣ ಸಪ್ಪಳಕ್ಕೂ ಬೆಚ್ಚಿಬೀಳುವುದು, ತಾನೇ ತಪ್ಪಿತಸ್ಥನೆಂಬ ಭಾವ. ಇವು ಒಂದು ತಿಂಗಳು ಮೀರಿ ಉಳಿದು ಬದುಕನ್ನು ಕೆಡಿಸಿದರೆ ಅದನ್ನು ಆಘಾತೋತ್ತರ ಒತ್ತಡದ ವ್ಯಾಧಿ ಎನ್ನುತ್ತಾರೆ. ಅಮೆರಿಕದ ಮನೋವೈದ್ಯರ ರೋಗಕೋಶದಲ್ಲಿ ಈ ಹೆಸರು ಸೇರಿದ್ದು 1980ರಲ್ಲಿ, ವಿಯೆಟ್ನಾಂ ಯುದ್ಧದಿಂದ ಮರಳಿದ ಯೋಧರ ಪಾಡನ್ನು ಕಂಡ ಬಳಿಕ.

ಮಾತಾಡುತ್ತ ಯಾರಾದರೂ ಕುಸಿದರೆ ಲೇಖನಿಯನ್ನು ಕೆಳಗಿಡಬೇಕು. ಕಾಲನ್ನು ನೆಲಕ್ಕೆ ಊರಿಸಿ, ನೀರು ಕೊಟ್ಟು, ಇದು ಯಾವ ಊರು, ಯಾವ ವಾರ ಎಂದು ಮೆಲ್ಲಗೆ ಈ ಹೊತ್ತಿಗೆ ಕರೆತರಬೇಕು. ಮುಂದುವರಿಸಬೇಕೋ ಬೇಡವೋ ಎಂಬುದು ಅವರ ತೀರ್ಮಾನ. ಜೀವ ತೆಗೆದುಕೊಳ್ಳುವ ಯೋಚನೆ ಬಂದಿದೆಯೇ ಎಂಬುದನ್ನು ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಹೇಳಿಕೊಳ್ಳಲು ದಾರಿ ಸಿಗುತ್ತದೆ. ಹೌದು ಎಂದರೆ ಅಲ್ಲಿಗೆ ಸಂಶೋಧನೆ ನಿಂತಿತು. ಅವರನ್ನು ಒಂಟಿಯಾಗಿ ಬಿಡದೆ ಮನೋವೈದ್ಯರ ಬಳಿಗೆ ಒಯ್ಯಬೇಕು.

ನಮಗೆ ಬಹಳ ಕಠಿಣವಾದುದು ಉಪದೇಶ ಮಾಡದೆ ಇರುವುದು. ನಾಲಗೆಯ ತುದಿಗೆ ಬಂದ ಬುದ್ಧಿಮಾತನ್ನು ನುಂಗಿ ನುಂಗಿ ಮೊದಲ ದಿನಗಳಲ್ಲಿ ಗಂಟಲು ನೋಯುತ್ತಿತ್ತು. ಕೇಳಿದ ಕಥೆಗಳನ್ನು ಮನೆಗೆ ಹೊತ್ತು ತಂದು ನಾವೂ ಎಷ್ಟೋ ರಾತ್ರಿ ನಿದ್ದೆಗೆಟ್ಟೆವು. ಸಂದರ್ಶಕರಿಗೂ ತಮ್ಮ ಭಾರವನ್ನು ಹೆಸರು ಹೇಳದೆ ಇಳಿಸಿಕೊಳ್ಳಲು ಹಿರಿಯರೊಬ್ಬರು ಬೇಕು ಎಂಬುದನ್ನು ಅಲ್ಲಿಯೇ ಕಂಡೆವು.

ಗಾಯಕ್ಕೂ ಗುಟುಕಿಗೂ ನಂಟು

ಆಘಾತಕ್ಕೂ ಕುಡಿತಕ್ಕೂ ಸಂಬಂಧವಿದೆಯೆಂದು ಜಗತ್ತಿಗೆ ಅಂಕಿಗಳಲ್ಲಿ ತೋರಿಸಿದ ಅಧ್ಯಯನಗಳಲ್ಲಿ ಅಮೆರಿಕದ ಸ್ಯಾನ್ ಡಿಯಾಗೊ ನಗರದ್ದು ಪ್ರಸಿದ್ಧ. ಡಾ. ವಿನ್ಸೆಂಟ್ ಫೆಲಿಟ್ಟಿ ಮತ್ತು ಡಾ. ರಾಬರ್ಟ್ ಆಂಡಾ ಎಂಬ ವೈದ್ಯರು 1995ರಿಂದ 1997ರವರೆಗೆ 17,000ಕ್ಕೂ ಹೆಚ್ಚು ವಯಸ್ಕರನ್ನು ಅವರ ಬಾಲ್ಯದ ಕಹಿ ಅನುಭವಗಳ ಬಗ್ಗೆ ಲಿಖಿತವಾಗಿ ಕೇಳಿದರು: ಹೊಡೆತ, ಲೈಂಗಿಕ ದೌರ್ಜನ್ಯ, ತಾಯಿಯ ಮೇಲಿನ ಹಲ್ಲೆ, ಮನೆಯಲ್ಲಿ ಕುಡುಕರಿದ್ದುದು ಮುಂತಾದವು. 1998ರಲ್ಲಿ ಪ್ರಕಟವಾದ ಮೊದಲ ವರದಿಯಂತೆ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಇವುಗಳಲ್ಲಿ ಒಂದಾದರೂ ಆಗಿತ್ತು. ನಾಲ್ಕು ಅಥವಾ ಹೆಚ್ಚು ಬಗೆಯ ಅನುಭವವಿದ್ದವರಲ್ಲಿ, ಏನೂ ಇಲ್ಲದವರಿಗೆ ಹೋಲಿಸಿದರೆ, ಮದ್ಯವ್ಯಸನ, ಮಾದಕವ್ಯಸನ, ಖಿನ್ನತೆ, ಆತ್ಮಹತ್ಯೆಯ ಯತ್ನಗಳ ಸಂಭವ 4ರಿಂದ 12 ಪಟ್ಟು ಹೆಚ್ಚಾಗಿತ್ತು. ಇದು ಹಣೆಬರಹವಲ್ಲ. ಕಹಿ ಬಾಲ್ಯ ಕಂಡವರೆಲ್ಲ ಕುಡಿಯುವುದಿಲ್ಲ. ಕುಡಿಯುವವರೆಲ್ಲ ಆಘಾತ ಕಂಡವರೂ ಅಲ್ಲ. ಆದರೆ ಕೇಳಿ ನೋಡದೆ ಯಾರು ಎಂಥವರೆಂದು ತಿಳಿಯಲಾಗದು.

ಮದ್ಯವನ್ನು ಕೆಲವರು ನೋವಿಗೆ ತಾವೇ ಬರೆದುಕೊಂಡ ಔಷಧದಂತೆ ಬಳಸುತ್ತಾರೆಂಬ ವಿಚಾರವನ್ನು ಎಡ್ವರ್ಡ್ ಖಾಂಟ್ಸಿಯನ್ ಎಂಬ ಮನೋವೈದ್ಯರು 1985ರಲ್ಲಿ ಮಂಡಿಸಿದರು. ಅದು ಮೋಸದ ಔಷಧ. ಮದ್ಯ ಬೇಗನೆ ನಿದ್ದೆ ಹತ್ತಿಸುತ್ತದೆ. ಆದರೆ ಇಳಿರಾತ್ರಿಯ ನಿದ್ದೆಯನ್ನು ಒಡೆಯುತ್ತದೆ. ತಡೆಹಿಡಿದಿದ್ದ ಕನಸಿನ ನಿದ್ದೆ ಆಗ ಒತ್ತರಿಸಿ ಬರುತ್ತದೆ. ಅದರೊಂದಿಗೆ ದುಃಸ್ವಪ್ನವೂ ಬರುತ್ತದೆ. ಮರುದಿನ ಅದನ್ನು ಮರೆಯಲು ಮತ್ತೊಂದು ಗುಟುಕು ಬೇಕಾಗುತ್ತದೆ.

ನಮ್ಮ ಶಾಸ್ತ್ರವೂ ಈ ಎರಡು ದಡಗಳನ್ನು ಬಲ್ಲದು. ಚರಕಸಂಹಿತೆಯ ಚಿಕಿತ್ಸಾಸ್ಥಾನದ 24ನೆಯ ಅಧ್ಯಾಯ ಮದಾತ್ಯಯಕ್ಕೆ ಮೀಸಲು. ಮದ್ಯದ ಹತ್ತು ಗುಣಗಳು ಓಜಸ್ಸಿನ ಹತ್ತು ಗುಣಗಳಿಗೆ ನೇರ ವಿರುದ್ಧವೆಂದೂ, ಓಜಸ್ಸು ಕದಡಿದಾಗ ಮನಸ್ಸು ಕದಡುವುದೆಂದೂ ಅಲ್ಲಿ ಹೇಳಿದೆ. ಕೆಲಕಾಲ ಬಿಟ್ಟವನು ಹಠಾತ್ತನೆ ಮತ್ತೆ ಮಿತಿಮೀರಿ ಕುಡಿದರೆ ಬರುವ ಧ್ವಂಸಕ, ವಿಕ್ಷಯಗಳೆಂಬ ವಿಕಾರಗಳನ್ನೂ ಅಲ್ಲಿ ಎಣಿಸಿದೆ. ಇನ್ನು ಚಿಕಿತ್ಸೆಯ ಮೂರು ಬಗೆಗಳಲ್ಲಿ ಸತ್ತ್ವಾವಜಯವೂ ಒಂದು. ಮನಸ್ಸನ್ನು ಅಹಿತದಿಂದ ಹಿಂದಕ್ಕೆ ತರುವುದೇ ಅದು. ದರ್ಶನ, ಸ್ಪರ್ಶನ, ಪ್ರಶ್ನ ಎಂದು ವಾಗ್ಭಟರು ಹೇಳಿದ ಮೂರು ಪರೀಕ್ಷೆಗಳಲ್ಲಿ ಮೊದಲೆರಡನ್ನು ನಾವು ಆ ರೈತರಿಗೆ ಮಾಡಿದ್ದೆವು. ಮೂರನೆಯದರ ಜಾಗದಲ್ಲಿ ಉಪದೇಶವನ್ನಿಟ್ಟಿದ್ದೆವು.

ಮಳೆಗಾಲದ ಮಾತು

2017ರ ಮಳೆಗಾಲದಲ್ಲಿ ಅವರು ಮತ್ತೆ ಬಂದರು. ನಡುವೆ ಎರಡು ಬಾರಿ ಬಿಟ್ಟು ಎರಡು ಬಾರಿ ಹಿಡಿದಿದ್ದರು. ಹಿಂದೆ ಬೈಸಿಕೊಂಡ ನೆನಪಿನಿಂದ ತಲೆ ತಗ್ಗಿಸಿಯೇ ಕುಳಿತರು. ನಾವು ಮೊದಲು ಕ್ಷಮೆ ಕೇಳಿದೆವು. ಬಾಗಿಲು ಮುಚ್ಚಿ, ಅವರ ಒಪ್ಪಿಗೆ ಪಡೆದು, ಗೋಡೆಯ ಪಂಚಾಂಗವನ್ನು ಕೆಳಗಿಳಿಸಿದೆವು. ಬೇಸಗೆಯ ತಿಂಗಳುಗಳಲ್ಲಿ ವಾರಕ್ಕೆ ಒಂದೋ ಎರಡೋ ಗುರುತು. ಮಿರುಗದ ಮಳೆ ಹಿಡಿದ ಮೇಲೆ ಪ್ರತಿದಿನವೂ ಗುರುತು. ಬನ್ನಿಯ ಆಚೀಚೆಗೆ ಹಗಲೂ ರಾತ್ರಿಯೂ.

'ಮಳೆ ಬಂದರೆ ಏನಾಗುತ್ತದೆ?' ಎಂದಷ್ಟೇ ಕೇಳಿ ಸುಮ್ಮನೆ ಕುಳಿತೆವು. ಬಹಳ ಹೊತ್ತಿನ ಮೇಲೆ ಅವರು ಹೇಳಿದರು: 'ಗ್ವಾಡಿ ಸಪ್ಪಳ ಕೇಳ್ತೈತ್ರೀ ಸಾಹೇಬ್ರ. ಒಂದ್ ನೈಂಟಿ ಹಾಕಿದ್ರ ನಿಲ್ತೈತ್ರೀ.'

2009ರ ದಸರೆಯ ಬೆನ್ನಿಗೆ ಉತ್ತರ ಕರ್ನಾಟಕವನ್ನು ಮುಳುಗಿಸಿದ ಮಳೆಯನ್ನು ಓದುಗರು ಮರೆತಿರಲಾರರು. ನೆನೆದು ನೆನೆದು ಮಣ್ಣಿನ ಗೋಡೆಗಳು ರಾತ್ರಿ ಮಲಗಿದವರ ಮೇಲೆ ಬಿದ್ದ ದಿನಗಳು ಅವು. ಆ ರಾತ್ರಿ ಎತ್ತುಗಳ ಹಗ್ಗ ಬಿಚ್ಚಲು ಇವರು ಹಕ್ಕಿಗೆ ಹೋಗಿದ್ದರು. ಒಳಗೆ ಅವರ ತಾಯಿ ಮಲಗಿದ್ದರು. ಎತ್ತುಗಳು ಉಳಿದವು. 'ಅವ್ವನ್ನ ಬಿಟ್ಟು ಎತ್ತ ಬಿಚ್ಚಾಕ ಹೋದ್ನಲ್ರೀ' ಎಂದರು. ಎಂಟು ವರ್ಷಗಳಲ್ಲಿ ಯಾರಿಗೂ ಆ ಮಾತನ್ನು ಅವರು ಹೇಳಿರಲಿಲ್ಲ, ಯಾರೂ ಕೇಳಿರಲಿಲ್ಲ. ನಮ್ಮ ಕಡತದಲ್ಲಿ 'ಪ್ರಲಾಪ' ಎಂದು ಬರೆದುದು ಪ್ರಲಾಪವಾಗಿರಲಿಲ್ಲ.

ಆ ದಿನ ನಾವು ಬುದ್ಧಿ ಹೇಳಲಿಲ್ಲ. 'ಇಷ್ಟು ವರ್ಷ ಒಬ್ಬರೇ ಹೊತ್ತಿರಲ್ಲ' ಎಂದಷ್ಟೇ ಹೇಳಿದೆವು. ಅವರ ಒಪ್ಪಿಗೆಯಿಂದ ಹೆಂಡತಿಯನ್ನು ಒಳಗೆ ಕರೆದೆವು. ಮದ್ಯ ಬಿಡಿಸಲು ಅವರನ್ನು ಮನೋವೈದ್ಯ ವಿಭಾಗಕ್ಕೆ ಕಳುಹಿಸಿದೆವು. ಅಲ್ಲಿ ಫಿಟ್ಸ್ ಬಾರದಂತೆ ಔಷಧ, ಥಯಾಮಿನ್ ಎಂಬ ಬಿ1 ಜೀವಸತ್ವ, ಆ ಬಳಿಕ ಆಘಾತಕ್ಕೆ ಮಾತಿನ ಚಿಕಿತ್ಸೆ ದೊರೆತವು. ಜಠರಾಗ್ನಿ, ನಿದ್ದೆ, ದಿನಚರ್ಯೆಗಳಿಗೆ ಸಂಬಂಧಿಸಿದಷ್ಟನ್ನು ಅಲ್ಲಿನ ವೈದ್ಯರಿಗೆ ತಿಳಿಸಿಯೇ ನಾವು ನೋಡಿಕೊಂಡೆವು. ಒಂದೇ ಸಲಕ್ಕೆ ಎಲ್ಲವೂ ಸರಿಯಾಗಲಿಲ್ಲ. ಮುಂದಿನ ಮಳೆಗಾಲದಲ್ಲಿ ಮತ್ತೆ ಜಾರಿದರು, ಮತ್ತೆ ಹೋದರು. ಈಗ ಕೆಲವು ಮಳೆಗಾಲಗಳನ್ನು ಕುಡಿಯದೆ ದಾಟಿದ್ದಾರೆ.

ಮನೆಯವರೂ ಊರಿನವರೂ ಮಾಡಬಹುದಾದುದು

ಅಖಿಲ ಭಾರತ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯು ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ, ದೇಶದಲ್ಲಿ 10ರಿಂದ 75 ವಯಸ್ಸಿನವರಲ್ಲಿ ಶೇ. 14.6ರಷ್ಟು, ಅಂದರೆ ಸುಮಾರು 16 ಕೋಟಿ ಮಂದಿ ಮದ್ಯ ಸೇವಿಸುತ್ತಾರೆ. ಅವರಲ್ಲಿ 5.7 ಕೋಟಿ ಮಂದಿಗೆ ನೆರವು ಬೇಕಾಗಿದೆ. ವ್ಯಸನಕ್ಕೆ ಒಳಗಾದ 38 ಮಂದಿಯಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಚಿಕಿತ್ಸೆ ದೊರೆತಿದೆ. ಉಳಿದ 37 ಮಂದಿ ನಮ್ಮ ನಮ್ಮ ಓಣಿಗಳಲ್ಲಿಯೇ ಇದ್ದಾರೆ.

ಇಳಕಲ್ಲಿನ ಚಿತ್ತರಗಿ ಸಂಸ್ಥಾನಮಠದ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಮನೆಮನೆಗೆ ಹೋಗಿ ದುಶ್ಚಟಗಳ ಭಿಕ್ಷೆ ಬೇಡಿದ್ದನ್ನು ನಾಡು ಬಲ್ಲದು. ಅವರ ಜನ್ಮದಿನವಾದ ಆಗಸ್ಟ್ 1 ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಯಾಗುತ್ತಿದೆ. ಜೋಳಿಗೆ ಹಿಡಿದವರು ಬಾಗಿಲಿಗೆ ಹೋಗಿ ನಿಲ್ಲುತ್ತಾರೆ, ಬೇಡುತ್ತಾರೆ, ಕಾಯುತ್ತಾರೆ, ಬೈಯುವುದಿಲ್ಲ. ಆ ಕ್ರಮವನ್ನು ನೆನೆದು ಕೆಲವು ಸೂಚನೆಗಳನ್ನು ಕೊಡುತ್ತಿದ್ದೇವೆ.

ಮೊದಲನೆಯದಾಗಿ, 'ಏಕೆ ಕುಡಿಯುತ್ತೀ' ಎನ್ನುವ ಬದಲು 'ನಿದ್ದೆ ಹೇಗಿದೆ, ಎಂದಿನಿಂದ ಹೀಗೆ' ಎಂದು ಕೇಳಿರಿ. ಅಮಲಿನಲ್ಲಿದ್ದಾಗ ಬೇಡ, ಬೆಳಗಿನ ಹೊತ್ತು, ಒಬ್ಬರೇ ಇದ್ದಾಗ ಕೇಳಿರಿ. ಹೇಳದಿದ್ದರೆ ಒತ್ತಾಯಿಸಬೇಡಿರಿ.

ಎರಡನೆಯದಾಗಿ, ಯಾರಿಗಾದರೂ ಆಣೆ ಮಾಡಿಸುವ ಮುನ್ನ ಬೆಳಗ್ಗೆ ಕೈ ನಡುಗುತ್ತದೆಯೇ, ಹಿಂದೆ ಫಿಟ್ಸ್ ಬಂದಿದೆಯೇ ಎಂದು ವಿಚಾರಿಸಿರಿ. ಹೌದೆಂದರೆ ಮೊದಲು ಆಸ್ಪತ್ರೆ, ಆಮೇಲೆ ಆಣೆ. ಬಿಟ್ಟ ಮೊದಲ ನಾಲ್ಕು ದಿನಗಳಲ್ಲಿ ಫಿಟ್ಸ್, ಜ್ವರ, ತಪ್ಪಿದ ಮಾತು ಕಂಡರೆ ಗಾಳಿ ಸೋಕಿತೆಂದು ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ. ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವ ಪುಡಿಗಳನ್ನು ಯಾರು ಕೊಟ್ಟರೂ ಬಳಸಬೇಡಿರಿ.

ಮೂರನೆಯದಾಗಿ, ಕುಡಿಯುವವರ ಮನೆಯ ಹೆಂಗಸರನ್ನೂ ಮಕ್ಕಳನ್ನೂ ಮರೆಯಬೇಡಿರಿ. ಒಬ್ಬರ ಕುಡಿತ ಮತ್ತೊಬ್ಬರ ಆಘಾತವಾಗುತ್ತದೆ. ಕುಡಿದವರ ಹೊಡೆತವನ್ನು ಅವರ ಹಳೆಯ ದುಃಖದ ಹೆಸರಿನಲ್ಲಿ ಸಹಿಸಬೇಕಾಗಿಲ್ಲ; ಮೊದಲು ಮನೆಯವರು ಸುರಕ್ಷಿತವಾಗಿರಬೇಕು.

ನಾಲ್ಕನೆಯದಾಗಿ, ಇಂತಹ ಸಂಶೋಧನೆಯ ಸಂದರ್ಶಕರು ನಿಮ್ಮ ಊರಿಗೆ ಬಂದರೆ ಅವರ ಗುರುತಿನ ಪತ್ರ, ನೈತಿಕ ಸಮಿತಿಯ ಒಪ್ಪಿಗೆಗಳನ್ನು ಕೇಳಿ ನೋಡಿರಿ. ತೃಪ್ತಿಯಾದರೆ, ಮನಸ್ಸಿದ್ದರೆ, ಮಾತಾಡಿರಿ. ನಿಮ್ಮ ಉತ್ತರದಿಂದ ನಿಮಗಲ್ಲದಿದ್ದರೂ ಮುಂದೆ ಬರುವ ಯಾರಿಗಾದರೂ ದಾರಿ ತಿಳಿದೀತು.

ಮನಸ್ಸಿನ ಯಾವುದೇ ಕಷ್ಟಕ್ಕೆ ಟೆಲಿ ಮಾನಸ್ ಸಹಾಯವಾಣಿ 14416, ವ್ಯಸನಮುಕ್ತಿಗೆ ರಾಷ್ಟ್ರೀಯ ಸಹಾಯವಾಣಿ 14446. ಎರಡಕ್ಕೂ ಹಣ ಬೇಕಾಗಿಲ್ಲ. ಈ ಎರಡು ಸಂಖ್ಯೆಗಳನ್ನು ಮನೆಯ ಪಂಚಾಂಗದ ಮೇಲೆ ಬರೆದಿಡಿರಿ.

ಕಳೆದ ಮಳೆಗಾಲದ ಒಂದು ರಾತ್ರಿ, ಹನ್ನೊಂದರ ಸುಮಾರಿಗೆ, ನಮ್ಮ ಫೋನು ಬಡಿಯಿತು. ಆ ರೈತರೇ. 'ಮಳಿ ಭಾಳ ಜೋರ್ ಐತ್ರೀ ಸಾಹೇಬ್ರ. ನಿದ್ದಿ ಹತ್ತವಲ್ದು. ಕುಡದಿಲ್ರೀ. ಸುಮ್ನ ಮಾತಾಡೂಣಂತ ಹಚ್ಚಿದೆ.' ಅರ್ಧ ಗಂಟೆ ಹೆಸರಿನ ಬೆಳೆ, ಮೊಮ್ಮಗಳ ಶಾಲೆ, ಹೊಸ ಮನೆಯ ಸಿಮೆಂಟು ಗೋಡೆಗಳ ಮಾತಾಡಿದೆವು. ಅಷ್ಟರಲ್ಲಿ ಅವರ ಊರಿನಲ್ಲಿ ಮಳೆ ಕಡಿಮೆಯಾಗಿತ್ತು. 'ಇನ್ನ ಮಲಗ್ತೀನ್ರೀ' ಎಂದರು.